ಪಕ್ಕದ ಮನೆಯ ಮಾರ್ಮನ್ ಮದುವೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಯೂಟಾ ರಾಜ್ಯದ ಲೀಹೈ ಊರಿಗೆ ಬಂದು ಒಂಬತ್ತು ವರ್ಷವಾಯಿತು. ಎಡಗಡೆ ಮನೆಯವರು ಮಾರ್ಮನ್, ಬಲಗಡೆ ಮನೆಯವರೂ ಮಾರ್ಮನ್, ಎದುರು ಮನೆಯವರು ಮೊದಲು ಮಾರ್ಮನ್ ಆಗಿದ್ದವರು. ಕಳೆದ ಅಕ್ಟೋಬರಿನಲ್ಲಿ ಎಡಗಡೆ ಮನೆಯ ಎರಡನೇ ಮಗಳ ಮದುವೆ ಆಯಿತು. ಅಡುಗೆಯಿಂದ ಹಿಡಿದು ಕುರ್ಚಿ ಮಡಚಿಡುವ ತನಕ ನಾನೂ ಓಡಾಡಿದೆ. ಆಮೇಲೆ ನೋಡಿ, ಪ್ರಶ್ನೆಗಳು ನಿಲ್ಲಲೇ ಇಲ್ಲ. ಊರಿನಿಂದ ಅಮ್ಮ, ಚಿಕ್ಕಮ್ಮಂದಿರು, ಇಲ್ಲಿಗೆ ಹೊಸದಾಗಿ ಕೆಲಸಕ್ಕೆ ಬಂದ ಕನ್ನಡದ ಹುಡುಗರು, ಮದುವೆ ಕಾರ್ಡು ಕೈಗೆ ಬಂದ ತಕ್ಷಣ ಗಾಬರಿಯಾಗಿ ಫೋನ್ ಮಾಡುವ ಗೆಳತಿಯರು. ಒಂದೇ ಕಡೆ ಬರೆದಿಟ್ಟರೆ ವಾಸಿ ಅನ್ನಿಸಿತು. ನಾನು ಅವರ ಸಭೆಯವಳಲ್ಲ. ಬೇಲಿಯ ಈಚೆ ನಿಂತು ನೋಡಿದ್ದು, ಅವರ ಬಾಯಿಂದಲೇ ಕೇಳಿದ್ದು, ಅಷ್ಟೇ ಇಲ್ಲಿದೆ.

ಮಾರ್ಮನ್ ಅಂದರೆ ಯಾರು? ಕ್ರೈಸ್ತರೇ ಅಲ್ವಾ?

ಅವರನ್ನು ಕೇಳಿದರೆ ಹೌದು ಅನ್ನುತ್ತಾರೆ. ಬೇರೆ ಕೆಲವು ಕ್ರೈಸ್ತ ಪಂಗಡದವರನ್ನು ಕೇಳಿದರೆ ಸ್ವಲ್ಪ ತಲೆ ಕೆರೆದುಕೊಳ್ಳುತ್ತಾರೆ. ಜೋಸೆಫ್ ಸ್ಮಿತ್ ಎಂಬಾತ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರು ಮಾಡಿದ ಸಭೆ ಇದು. ಬೈಬಲ್ ಜೊತೆಗೆ ಬುಕ್ ಆಫ್ ಮಾರ್ಮನ್ ಎಂಬ ಇನ್ನೊಂದು ಗ್ರಂಥ ಇವರಿಗಿದೆ. ಜನ ಓಡಿಸಿದ ಕಡೆಯಿಂದೆಲ್ಲಾ ಓಡಿ, ಬ್ರಿಗಮ್ ಯಂಗ್ ಹಿಂದೆ ಬಂಡಿ ಕಟ್ಟಿಕೊಂಡು 1847ರ ಜುಲೈ 24ರಂದು ಸಾಲ್ಟ್ ಲೇಕ್ ಕಣಿವೆಗೆ ಬಂದರು. ಆ ದಿನ ಇಲ್ಲಿ ಈಗಲೂ ರಜೆ, ಮೆರವಣಿಗೆ, ಪಟಾಕಿ. ನಮ್ಮೂರಿನ ಹೆಸರು ಲೀಹೈ ಕೂಡ ಆ ಗ್ರಂಥದಲ್ಲಿ ಬರುವ ಒಬ್ಬ ಹಿರಿಯನದ್ದೇ.

ಸಭೆಯ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್. 'ಮಾರ್ಮನ್' ಅನ್ನಬೇಡಿ, ಪೂರ್ತಿ ಹೆಸರು ಹೇಳಿ ಅಂತ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ 2018ರಲ್ಲಿ ಕೇಳಿಕೊಂಡರು. ಪಕ್ಕದ ಮನೆಯಾಕೆ ಅದನ್ನು ಪಾಲಿಸುತ್ತಾಳೆ. ಅವಳ ಅತ್ತೆ ಮಾತ್ರ 'ಎಪ್ಪತ್ತು ವರ್ಷ ಮಾರ್ಮನ್ ಅಂತ ಬದುಕಿದ್ದೀನಿ, ಈಗ ನಾಲಿಗೆ ಹೊರಳಲ್ಲ' ಅನ್ನುತ್ತಾರೆ. ನಾನು ಇಲ್ಲಿ ಅತ್ತೆಯ ಪಕ್ಷ. ಹೆಸರು ಚಿಕ್ಕದಾಗಿದೆ ಅಂತ, ಬೇರೆ ಕಾರಣವಿಲ್ಲ.

ಗಂಡಿಗೆ ಇಬ್ಬರು ಮೂವರು ಹೆಂಡತಿಯರು ಅಂತಾರಲ್ಲ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಇಲ್ಲ. ಒಂದು ಕಾಲದಲ್ಲಿ ಇತ್ತು. 1890ರಲ್ಲಿ ಸಭೆಯ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ನಿಲ್ಲಿಸುವುದಾಗಿ ಘೋಷಿಸಿದರು. ಈಗ ಯಾರಾದರೂ ಎರಡನೇ ಹೆಂಡತಿ ಕಟ್ಟಿಕೊಂಡರೆ ಸಭೆಯಿಂದಲೇ ಹೊರಗೆ. ಈಗಲೂ ಹಾಗೆ ಬದುಕುವ ಸಣ್ಣ ಗುಂಪುಗಳಿವೆ, ಆದರೆ ಅವು ಬೇರೆಯೇ. ಮದುವೆ ಮನೆಗೆ ಹೋಗಿ ಈ ಜೋಕ್ ಮಾತ್ರ ಹೊಡೆಯಬೇಡಿ. ಅವರು ನಗುತ್ತಾರೆ, ಆದರೆ ಸಾವಿರದ ಒಂದನೇ ಸಲ ಕೇಳಿದವರು ನಗುವ ಹಾಗೆ.

ಒಂದು ಮುಳ್ಳು ಮಾತ್ರ ಇನ್ನೂ ಉಳಿದಿದೆ. ಹೆಂಡತಿ ತೀರಿಕೊಂಡ ಗಂಡಸು ಟೆಂಪಲ್‌ನಲ್ಲಿ ಇನ್ನೊಬ್ಬಳ ಜೊತೆಗೂ ಶಾಶ್ವತ ಮದುವೆ ಆಗಬಹುದು. ಬದುಕಿರುವ ಹೆಂಗಸಿಗೆ ಒಬ್ಬನೇ. ಅಡುಗೆಮನೆಯಲ್ಲಿ ಗಂಡಸರಿಲ್ಲದ ಹೊತ್ತಿನಲ್ಲಿ ಈ ವಿಷಯ ಬಂತು. ಪಾತ್ರೆಗಳ ಸದ್ದು ಸ್ವಲ್ಪ ಜಾಸ್ತಿಯಾಯಿತು.

ಚರ್ಚ್ ಬೇರೆ, ಟೆಂಪಲ್ ಬೇರೆನಾ?

ಬೇರೆ ಬೇರೆ. ಇದು ತಿಳಿಯದಿದ್ದರೆ ಮದುವೆ ಅರ್ಥವಾಗುವುದಿಲ್ಲ. ಚರ್ಚ್ ಅಂದರೆ ಬೀದಿಬೀದಿಗೆ ಇರುವ ಸಾದಾ ಇಟ್ಟಿಗೆ ಕಟ್ಟಡ. ಭಾನುವಾರ ಯಾರು ಬೇಕಾದರೂ ಒಳಗೆ ಹೋಗಿ ಕೂರಬಹುದು. ಒಂದು ಬಡಾವಣೆಯ ಜನರ ಗುಂಪಿಗೆ ವಾರ್ಡ್ ಎನ್ನುತ್ತಾರೆ, ಅದರ ಮುಖ್ಯಸ್ಥ ಬಿಷಪ್. ಹಲವು ವಾರ್ಡ್ ಸೇರಿದರೆ ಸ್ಟೇಕ್. ನೀವು ಯಾವ ವಾರ್ಡ್ ಅನ್ನುವುದು ಮನೆಯ ವಿಳಾಸದ ಮೇಲೆ. ನಮ್ಮ ರೇಷನ್ ಅಂಗಡಿ ಇದ್ದ ಹಾಗೆ, ಇಷ್ಟ ಬಂದ ಕಡೆ ಹೋಗುವ ಹಾಗಿಲ್ಲ.

ಟೆಂಪಲ್ ಅಂದರೆ ದೂರದಿಂದಲೇ ಕಾಣುವ ಬಿಳಿ ಕಟ್ಟಡ, ಹೆಚ್ಚಿನವುಗಳ ತುದಿಯಲ್ಲಿ ಕಹಳೆ ಊದುವ ಚಿನ್ನದ ಬಣ್ಣದ ದೇವದೂತ. ಅಲ್ಲಿ ಭಾನುವಾರದ ಪೂಜೆ ಇಲ್ಲ. ಭಾನುವಾರ ಬಾಗಿಲೇ ತೆರೆಯುವುದಿಲ್ಲ, ಇಲ್ಲಿ ಸೋಮವಾರವೂ ಮುಚ್ಚಿರುತ್ತದೆ. ಮದುವೆ ಮತ್ತು ಇನ್ನು ಕೆಲವು ಮುಖ್ಯ ವಿಧಿಗಳು ಮಾತ್ರ ಅಲ್ಲಿ ನಡೆಯುತ್ತವೆ. ಸಾಲ್ಟ್ ಲೇಕ್ ಸಿಟಿಯ ದೊಡ್ಡ ಟೆಂಪಲ್ ಕಟ್ಟಲು 1853ರಿಂದ 1893ರ ತನಕ ನಲವತ್ತು ವರ್ಷ ಹಿಡಿಯಿತು. 2019ರ ಕೊನೆಗೆ ಅದನ್ನು ರಿಪೇರಿಗೆ ಮುಚ್ಚಿದರು. ನಮ್ಮ ಹುಡುಗಿಯ ಅಜ್ಜಿ, ಅಮ್ಮ ಇಬ್ಬರದ್ದೂ ಅಲ್ಲೇ ಆಗಿತ್ತಂತೆ. ಇವಳದ್ದು ಅಮೆರಿಕನ್ ಫೋರ್ಕ್‌ನ ಮೌಂಟ್ ಟಿಂಪನೋಗಸ್ ಟೆಂಪಲ್‌ನಲ್ಲಿ, ಮನೆಯಿಂದ ಕಾಲು ಗಂಟೆ.

ಸೀಲಿಂಗ್ ಅಂದರೇನು?

ಫ್ಯಾನ್ ಹಾಕುವ ಸೀಲಿಂಗ್ ಅಲ್ಲ. ಲಕೋಟೆಗೆ ಸೀಲ್ ಒತ್ತುತ್ತೇವಲ್ಲ, ಆ ಸೀಲು. ಟೆಂಪಲ್‌ನಲ್ಲಿ ಗಂಡು ಹೆಣ್ಣನ್ನು ಈ ಬದುಕಿಗೆ ಮಾತ್ರವಲ್ಲ, ಸತ್ತ ಮೇಲೂ ಎಂದೆಂದಿಗೂ ಗಂಡ ಹೆಂಡತಿ ಅಂತ ಕಟ್ಟಿಹಾಕುತ್ತಾರೆ. ಹುಟ್ಟುವ ಮಕ್ಕಳೂ ಆ ಗಂಟಿನೊಳಗೆ ಸೇರುತ್ತಾರೆ. ಅಮ್ಮನಿಗೆ ವಿವರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾವು ಏಳು ಜನ್ಮ ಅಂತಾದರೂ ಲೆಕ್ಕ ಇಟ್ಟಿದ್ದೀವಿ, ಇವರು ಅದನ್ನೂ ಇಟ್ಟಿಲ್ಲವಲ್ಲೇ' ಅಂದರು.

ಇಷ್ಟು ಬೇಗ ಮದುವೆ ಯಾಕೆ? ನಿಶ್ಚಿತಾರ್ಥ ಆದ ಮೂರೇ ತಿಂಗಳಿಗೆ?

ಮದುವೆಗೆ ಮುಂಚೆ ದೈಹಿಕ ಸಂಬಂಧ ಇರಕೂಡದು ಅನ್ನುವ ಕಟ್ಟುನಿಟ್ಟು. ಪ್ರೀತಿಸಿದವರು ವರ್ಷಗಟ್ಟಲೆ ಕಾಯುವುದು ಕಷ್ಟ, ಹಿರಿಯರಿಗೂ ಅದು ಗೊತ್ತು. ಪ್ರೊವೊದ ಬ್ರಿಗಮ್ ಯಂಗ್ ಯೂನಿವರ್ಸಿಟಿಯಲ್ಲಿ ಓದುತ್ತಲೇ ಮದುವೆಯಾದವರು ಬೇಕಾದಷ್ಟು ಜನ. ಚಳಿಗಾಲ ಕಳೆಯುವಷ್ಟರಲ್ಲಿ ಬೆರಳಿಗೆ ಉಂಗುರ ಬರಬೇಕು ಅಂತ ಅಲ್ಲಿ ಒಂದು ತಮಾಷೆಯ ಮಾತೇ ಇದೆ.

ನಮ್ಮ ಹುಡುಗಿ ಹದಿನೆಂಟು ತಿಂಗಳು ಪ್ರಚಾರ ಸೇವೆ ಮಾಡಿ ಬಂದವಳು. ಇವರ ಹುಡುಗರು ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಹೀಗೆ ಹೋಗುತ್ತಾರೆ. ಬಿಳಿ ಶರ್ಟು, ಟೈ, ಎದೆಗೆ ಕಪ್ಪು ಬಿಲ್ಲೆ ಹಾಕಿಕೊಂಡು ಜೋಡಿಯಾಗಿ ತಿರುಗುವವರನ್ನು ಬೆಂಗಳೂರಿನಲ್ಲೂ ನೋಡಿರುತ್ತೀರಿ. ಹುಡುಗ ನೆವಾಡಾದ ರೀನೋ ಊರಿನವನು, ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವನು. ಕಾಲೇಜಿನಲ್ಲಿದ್ದಾಗ ಈ ಸಭೆಗೆ ಸೇರಿದ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಇದರಿಂದಲೇ ಎಲ್ಲಾ.

ಮದುವೆಗೆ ಬಿಷಪ್ ಒಪ್ಪಿಗೆ ಬೇಕಾ?

ಮದುವೆಗೆ ಬೇಡ. ಟೆಂಪಲ್ ಒಳಗೆ ಹೋಗಲು ಬೇಕು. ರೆಕಮೆಂಡ್ ಅಂತ ಒಂದು ಸಣ್ಣ ಚೀಟಿ, ಪರ್ಸಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಪಕ್ಕ ಇಟ್ಟುಕೊಳ್ಳುತ್ತಾರೆ. ಅದು ಸಿಗಬೇಕಾದರೆ ಎರಡು ಸಂದರ್ಶನ: ಒಂದು ವಾರ್ಡಿನಲ್ಲಿ, ಇನ್ನೊಂದು ಸ್ಟೇಕಿನಲ್ಲಿ. ಪ್ರಶ್ನೆಗಳು ಗುಟ್ಟಲ್ಲ. 2019ರ ಅಕ್ಟೋಬರ್ ಮಹಾಸಭೆಯಲ್ಲಿ ನೆಲ್ಸನ್ ಎಲ್ಲರ ಮುಂದೆ ಓದಿಯೇ ಹೇಳಿದರು. ದೇವರಲ್ಲಿ ನಂಬಿಕೆ ಇದೆಯೇ, ನಡತೆ ಶುದ್ಧವಾಗಿದೆಯೇ, ಆದಾಯದ ಹತ್ತನೇ ಒಂದು ಪಾಲು ಕೊಡುತ್ತೀರಾ, ಪ್ರಾಮಾಣಿಕವಾಗಿರಲು ಶ್ರಮಿಸುತ್ತೀರಾ. ಟೀ, ಕಾಫಿ, ಹೆಂಡ, ತಂಬಾಕು ಮುಟ್ಟದ ನಿಯಮವೂ ಅದರೊಳಗೆ ಬರುತ್ತದೆ. ಹೊಸದಾಗಿ ಸೇರಿದವರು ದೀಕ್ಷಾಸ್ನಾನವಾಗಿ ಒಂದು ವರ್ಷ ಕಾಯಬೇಕು. ನಮ್ಮ ಹುಡುಗನ ಒಂದು ವರ್ಷ ಮುಗಿದದ್ದು ಜುಲೈನಲ್ಲಿ. ಅದಕ್ಕೇ ಮದುವೆ ಅಕ್ಟೋಬರಿಗೆ.

ಬಿಷಪ್ ಅಂದರೆ ನಿಲುವಂಗಿ ತೊಟ್ಟ ಪಾದ್ರಿ ಅಂದುಕೊಳ್ಳಬೇಡಿ. ಸಂಬಳವಿಲ್ಲ, ಮದುವೆಯಾಗಿ ಮಕ್ಕಳಿರುವ ಮಾಮೂಲಿ ಮನುಷ್ಯ. ಸಾಮಾನ್ಯವಾಗಿ ಐದು ವರ್ಷದ ಕೆಲಸ, ಆಮೇಲೆ ಇನ್ನೊಬ್ಬರ ಸರದಿ. ನಮ್ಮ ಬೀದಿಯ ಬಿಷಪ್ ಹಗಲು ಲೆಕ್ಕಪತ್ರ ನೋಡುವವನು, ಸಂಜೆ ಜನರ ಕಷ್ಟ ಕೇಳುವವನು. ಹುಡುಗಿಯ ಅಪ್ಪ ಹಲ್ಲಿನ ಡಾಕ್ಟರು, ಬಿಷಪ್‌ಗೆ ಸಹಾಯಕ. ಭಾನುವಾರ ಬೆಳಿಗ್ಗೆ ಏಳಕ್ಕೇ ಮೀಟಿಂಗಿಗೆ ಹೊರಟರೆ, ತನ್ನ ಮಗಳ ಮದುವೆಯ ಲೆಕ್ಕ ಕೇಳಲು ಹೆಂಡತಿಗೆ ಗಂಡನೇ ಸಿಗುತ್ತಿರಲಿಲ್ಲ.

ಮದುವೆ ಹತ್ತಿರ ಬಂದಾಗ ಆ ಮನೆ ಹೇಗಿತ್ತು?

ನಮ್ಮ ಮದುವೆ ಮನೆಯ ಹಾಗೆ ಗಲಾಟೆ ಇರುತ್ತದೆ ಅಂತ ಕಾದಿದ್ದೆ. ಇರಲಿಲ್ಲ. ವಾರದ ಓಟ ಎಂದಿನಂತೆ ನಡೆಯುತ್ತಿತ್ತು. ಮದುವೆ ಕೆಲಸ ಆ ಓಟದೊಳಗೇ ಎಲ್ಲೋ ತೂರಿಕೊಳ್ಳುತ್ತಿತ್ತು.

ಸೋಮವಾರ ಸಂಜೆ ಮನೆಮಂದಿಯ ಸಂಜೆ. ಟಿವಿ ಇಲ್ಲ, ಹೊರಗೆ ಹೋಗುವುದಿಲ್ಲ. ಒಂದು ಹಾಡು, ಪ್ರಾರ್ಥನೆ, ಚಿಕ್ಕ ಪಾಠ, ಕೊನೆಗೆ ಸಿಹಿ. ಒಂದು ಸೋಮವಾರ ನನ್ನನ್ನೂ ಕರೆದರು. ಪಾಠ ಹೇಳುವ ಸರದಿ ಹನ್ನೆರಡು ವರ್ಷದ ಮಗನದು. ಎರಡೇ ನಿಮಿಷದಲ್ಲಿ ಮುಗಿಸಿ 'ಆಮೆನ್' ಅಂದ. ಆಮೇಲೆ ಊಟದ ಮೇಜಿನ ಮೇಲೆ ಮುನ್ನೂರು ಮದುವೆ ಕಾರ್ಡು ಸುರಿದರು. ಇಲ್ಲಿ ಕಾರ್ಡು ಅಂದರೆ ಜೋಡಿಯ ಫೋಟೋ ಇರುವ ದಪ್ಪ ಹಾಳೆ. ಬೆಟ್ಟದ ಹಿನ್ನೆಲೆ, ಹುಡುಗಿಯ ತಲೆ ಹುಡುಗನ ಭುಜದ ಮೇಲೆ. ಒಬ್ಬರು ವಿಳಾಸ ಬರೆಯುವುದು, ಒಬ್ಬರು ಸ್ಟ್ಯಾಂಪ್ ಅಂಟಿಸುವುದು. ಅಜ್ಜಿ ಮೂಲೆಯಲ್ಲಿ ಕೂತು ಯಾರನ್ನು ಬಿಟ್ಟಿದ್ದೀರಿ ಅಂತ ಹೇಳುವುದು. ಈ ಅಜ್ಜಿಯಂಥವರು ಎಲ್ಲಾ ಮದುವೆ ಮನೆಯಲ್ಲೂ ಒಬ್ಬರು ಇರುತ್ತಾರಲ್ವಾ? ಕಾರ್ಡು ಬಂದವರು ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸುತ್ತಾರೆ. ಬೇಸಿಗೆಯಲ್ಲಿ ಇಲ್ಲಿನ ಫ್ರಿಜ್‌ಗಳ ಬಣ್ಣವೇ ಕಾಣುವುದಿಲ್ಲ.

ಭಾನುವಾರ ಎರಡು ಗಂಟೆ ಚರ್ಚು. 2019ಕ್ಕೆ ಮುಂಚೆ ಮೂರು ಗಂಟೆ ಇತ್ತಂತೆ, ಚಿಕ್ಕ ಮಕ್ಕಳ ತಾಯಂದಿರು ಆ ಬದಲಾವಣೆಯನ್ನು ಇನ್ನೂ ನೆನೆಯುತ್ತಾರೆ. ಮೊದಲ ಗಂಟೆಯಲ್ಲಿ ರೊಟ್ಟಿ ಚೂರು ಮತ್ತು ನೀರು ಹಂಚುತ್ತಾರೆ. ದ್ರಾಕ್ಷಾರಸವಲ್ಲ, ನೀರೇ. ಹಂಚುವುದು ಟೈ ಕಟ್ಟಿದ ಹುಡುಗರು, ಪಾಠ ಹೇಳಿದ ಆ ತುಂಟನೂ ಒಬ್ಬ. ಆಮೇಲೆ ವಾರ್ಡಿನವರೇ ಒಬ್ಬಿಬ್ಬರು ಎದ್ದು ಮಾತನಾಡುತ್ತಾರೆ. ಭಾನುವಾರ ಅಂಗಡಿಗೆ ಹೋಗುವುದಿಲ್ಲ. ಹಾಗಾಗಿ ಮದುವೆಗೆ ಒಂದು ವಾರ ಇರುವಾಗಲೂ ಆ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಎಲ್ಲರೂ ಊಟ ಮಾಡಿ ನಿದ್ದೆ! ನನಗೇ ತಳಮಳ, ಅವರಿಗಿಲ್ಲ.

ತಿಂಗಳ ಮೊದಲ ಭಾನುವಾರ ಉಪವಾಸ. ಎರಡು ಹೊತ್ತಿನ ಊಟ ಬಿಡುತ್ತಾರೆ, ನೀರೂ ಇಲ್ಲ. ಉಳಿದ ಊಟದ ದುಡ್ಡು ಬಡವರ ನಿಧಿಗೆ. ಅಕ್ಟೋಬರ್ ಮೊದಲ ವಾರ ಮಹಾಸಭೆ ಇದ್ದುದರಿಂದ ಆ ಸಲ ಉಪವಾಸ ಒಂದು ವಾರ ಮುಂಚೆ ಬಂತು. ಉಪವಾಸಕ್ಕೆ ಒಂದು ಸಂಕಲ್ಪ ಇರುತ್ತದೆ. ಏನು ಅಂತ ಕೇಳಿದೆ. 'ಹುಡುಗನ ಅಮ್ಮನ ಮನಸ್ಸಿಗೆ ನೋವಾಗದಿರಲಿ ಅಂತ' ಅಂದಳು ಪಕ್ಕದ ಮನೆಯಾಕೆ. ಬೇರೆ ಏನೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಮದುವೆಗೆ ಮುಂಚೆ ಇನ್ನೊಂದು ವಿಧಿ ಇದೆಯಂತೆ?

ಇದೆ, ಎಂಡೋಮೆಂಟ್ ಅಂತ. ಟೆಂಪಲ್ ಒಳಗೆ ದೇವರ ಜೊತೆ ಒಡಂಬಡಿಕೆ ಮಾಡಿಕೊಳ್ಳುವುದು. ಸೇವೆಗೆ ಹೊರಡುವ ಮುಂಚೆ ಹುಡುಗಿಯದ್ದು ಆಗಿತ್ತು, ಹುಡುಗನದ್ದು ಮದುವೆಗೆ ಎರಡು ವಾರ ಮುಂಚೆ ಆಯಿತು. ಒಳಗಿನ ವಿವರ ಅವರು ಹೊರಗೆ ಮಾತನಾಡುವುದಿಲ್ಲ. ಅವರು ಹೇಳದ್ದನ್ನು ನಾನೂ ಕೆದಕಲು ಹೋಗಲಿಲ್ಲ. ಅದಾದ ಮೇಲೆ ಬಟ್ಟೆಯ ಒಳಗೆ ಒಂದು ಬಗೆಯ ಬಿಳಿ ಒಳಉಡುಪನ್ನು ದಿನವೂ ಹಾಕುತ್ತಾರೆ. ನಮ್ಮಲ್ಲಿ ಜನಿವಾರ, ಶಿವದಾರ ಇದ್ದ ಹಾಗೆ ಅಂದುಕೊಂಡರೆ ಸಾಕು. ಅದರ ಬಗ್ಗೆ ತಮಾಷೆ ಮಾಡುವುದು ಸಣ್ಣತನ.

ಮದುಮಗಳ ಉಡುಪು?

ಬಿಳಿ, ತೋಳು ಇರಬೇಕು, ಕತ್ತು ಆಳ ಇರಬಾರದು. ಹೊರಗಿನ ಅಂಗಡಿಗಳಲ್ಲಿ ಅಂಥದ್ದು ಸಿಗುವುದು ಕಷ್ಟ, ಆದರೆ ಇಲ್ಲಿ ಇದಕ್ಕೆಂದೇ ಅಂಗಡಿಗಳಿವೆ. ನಮ್ಮ ಹುಡುಗಿ ಅಕ್ಕನ ಗೌನನ್ನೇ ಬಿಗಿ ಮಾಡಿಸಿಕೊಂಡಳು. ಹೊಲಿಗೆ ಬಿಚ್ಚಿದ್ದು ನಾನು, ಹಾಕಿದ್ದು ಅಜ್ಜಿ.

ಟೆಂಪಲ್ ಒಳಗೆ ಮದುವೆ ಹೇಗೆ ನಡೆಯುತ್ತದೆ?

ನೋಡಿಲ್ಲ, ಹುಡುಗಿ ಹೇಳಿದ್ದು ಇದು. ಸಣ್ಣ ಕೋಣೆ, ನಡುವೆ ಮೆತ್ತೆ ಹಾಕಿದ ಪೀಠ. ಅದರ ಆಚೆ ಈಚೆ ಇಬ್ಬರೂ ಮಂಡಿಯೂರಿ ಕೈ ಹಿಡಿದುಕೊಳ್ಳುತ್ತಾರೆ. ಸೀಲರ್ ಎಂಬ ಹಿರಿಯರು ನಾಲ್ಕು ಬುದ್ಧಿಮಾತು ಹೇಳಿ ವಿಧಿ ನಡೆಸುತ್ತಾರೆ. ಇಬ್ಬರು ಸಾಕ್ಷಿ. 2019ರ ಅಕ್ಟೋಬರ್‌ನಿಂದ ಹೆಂಗಸರೂ ಸಾಕ್ಷಿ ಆಗಬಹುದು. ಎದುರುಬದುರು ಗೋಡೆಗೆ ದೊಡ್ಡ ಕನ್ನಡಿಗಳು. ಅದರೊಳಗೆ ನೋಡಿದರೆ ಇವರಿಬ್ಬರೇ ಸಾಲುಸಾಲಾಗಿ, ಕೊನೆಯೇ ಇಲ್ಲದ ಹಾಗೆ ಕಾಣುತ್ತಾರೆ. ವಾದ್ಯ ಇಲ್ಲ, ಹೂವಿನ ಹಾದಿ ಇಲ್ಲ, ಅಪ್ಪ ಕೈ ಹಿಡಿದು ಕರೆತರುವುದಿಲ್ಲ, ಫೋಟೋ ಅಂತೂ ಇಲ್ಲವೇ ಇಲ್ಲ. ಉಂಗುರ ವಿಧಿಯ ಭಾಗವಲ್ಲ. ಬೇಕಾದರೆ ಮುಗಿದ ಮೇಲೆ ಹಾಕಿಕೊಳ್ಳಬಹುದು. ಎಲ್ಲಾ ಸೇರಿ ಅರ್ಧ ಗಂಟೆ.

ನಮ್ಮನ್ನು ಒಳಗೆ ಬಿಡುತ್ತಾರಾ?

ಇಲ್ಲ. ರೆಕಮೆಂಡ್ ಇರುವ, ಎಂಡೋಮೆಂಟ್ ಆದ ದೊಡ್ಡವರಿಗೆ ಮಾತ್ರ ಆ ಕೋಣೆಗೆ ಪ್ರವೇಶ. ನೀವು ಹೆತ್ತ ತಾಯಿಯೇ ಆಗಿರಿ, ಸಭೆಯವರಲ್ಲದಿದ್ದರೆ ಹೊರಗೆ. ಸಭೆಯವರೇ ಆದರೂ ಮದುಮಗಳ ಹದಿನಾರು ವರ್ಷದ ತಂಗಿ ಹೊರಗೆ, ಹನ್ನೆರಡು ವರ್ಷದ ತಮ್ಮನೂ ಹೊರಗೆ. ಹೀಗೆ ಹೊರಗುಳಿದವರದ್ದೇ ಒಂದು ಸಣ್ಣ ದಿಬ್ಬಣ ಆಗುತ್ತದೆ.

ಆ ಶುಕ್ರವಾರ ನಾನು ಆ ದಿಬ್ಬಣದಲ್ಲಿದ್ದೆ. ಹುಡುಗನ ಅಮ್ಮ ಹಿಂದಿನ ದಿನ ರೀನೋದಿಂದ ಎಂಟು ಗಂಟೆ ಒಬ್ಬರೇ ಕಾರು ಓಡಿಸಿಕೊಂಡು ಬಂದಿದ್ದರು. ಒಬ್ಬನೇ ಮಗ. ಬೆಳಿಗ್ಗೆ ಒಂಬತ್ತಕ್ಕೆ ಅವರನ್ನು ಕರೆತರುವ ಕೆಲಸ ನನಗೆ ಬಿದ್ದಿತ್ತು. ಕಾರು ಹತ್ತಿದವರೇ, 'ಬೀಗರ ಮನೆಯಲ್ಲಿ ಎಲ್ಲಾ ಚೆನ್ನಾಗಿದೆ, ಆದರೆ ಒಂದು ತೊಟ್ಟು ಕಾಫಿ ಇಲ್ಲ' ಅಂದರು. ಬೀಗರು ಅನ್ನುವ ಪದ ಅವರದ್ದಲ್ಲ, ನನ್ನದು. ಸಂಕಟ ಅವರದ್ದೇ. ನನಗೆ ಇದು ಮೊದಲೇ ಹೊಳೆದಿತ್ತು. ಸ್ಟೀಲ್ ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ತಂದಿದ್ದೆ. ಟೆಂಪಲ್ ಆವರಣದಲ್ಲಿ ಬೇಡ ಅಂತ ಎರಡು ಬೀದಿ ಈಚೆಗೇ ಕಾರು ನಿಲ್ಲಿಸಿ, ಕಿಟಕಿ ಏರಿಸಿ, ಕಳ್ಳರ ಹಾಗೆ ಕುಡಿದೆವು. ಒಂದು ಲೋಟ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದರು.

ಆಮೇಲೆ ಹೋಗಿ ಬಾಗಿಲ ಎದುರಿನ ಬೆಂಚಿನಲ್ಲಿ ಕೂತೆವು. ಒಳಗೂ ಕಾಯುವ ಕೋಣೆ ಇದೆ, ಸೋಫಾ ಇದೆ. ಅವರಿಗೆ ಅಲ್ಲಿ ಕೂರುವುದು ಬೇಡವಾಗಿತ್ತು. ಬೆಟ್ಟದ ತುದಿಗೆ ಆಗಲೇ ತೆಳ್ಳಗೆ ಹಿಮ ಬಿದ್ದಿತ್ತು. ಒಂದೇ ಬೆಳಿಗ್ಗೆ ಎಷ್ಟೋ ಮದುವೆ ನಡೆಯುತ್ತವೆ. ಬಾಗಿಲು ತೆರೆದಾಗೆಲ್ಲ ಬಿಳಿ ಗೌನೊಂದು ಹೊರಗೆ ಬರುತ್ತದೆ, ಕಾದಿದ್ದವರು ಕೂಗುತ್ತಾರೆ, ಫೋಟೋಗ್ರಾಫರ್ ಓಡುತ್ತಾನೆ. ಬಾಗಿಲು ತೆರೆಯಿತು, ಅವರು ಎದ್ದು ನಿಂತರು. ಬೇರೆ ಯಾರದ್ದೋ ಮಗ. ಕೂತರು. ಮತ್ತೆ ತೆರೆಯಿತು, ಮತ್ತೆ ಎದ್ದರು. ಅದೂ ಬೇರೆ. ಮೂರನೇ ಸಲ ಅವರು ಏಳಲಿಲ್ಲ, ಮೂರನೇ ಸಲವೇ ಇವನು ಬಂದದ್ದು. ಮದುಮಗಳ ತಮ್ಮ ಟೈ ಸಡಿಲ ಮಾಡಿಕೊಂಡು ಕಲ್ಲು ಒದೆಯುತ್ತಿದ್ದವನು 'ಅಲ್ಲಿ ನೋಡಿ!' ಅಂತ ಕೂಗಿದ. ಹುಡುಗ ಎಲ್ಲರನ್ನೂ ದಾಟಿ ನೇರ ಬೆಂಚಿನ ಹತ್ತಿರ ಬಂದ. ಅಮ್ಮನ ಕುತ್ತಿಗೆಗೆ ಮುಖ ಒತ್ತಿ ತುಂಬಾ ಹೊತ್ತು ನಿಂತ. ಕಾಫಿ ವಾಸನೆ ಅವನಿಗೆ ಖಂಡಿತ ಬಂದಿರುತ್ತದೆ.

ಮೊದಲು ಹೊರಗೆ ಎಲ್ಲರ ಎದುರು ಮದುವೆಯಾಗಿ, ಆಮೇಲೆ ಟೆಂಪಲ್‌ಗೆ ಹೋಗಬಾರದಾ?

ಹೋಗಬಹುದು. ಇಲ್ಲಿ ಮೊದಲು ಒಂದು ನಿಯಮವಿತ್ತು. ಹೊರಗೆ ಮದುವೆಯಾದರೆ ಸೀಲಿಂಗಿಗೆ ಒಂದು ವರ್ಷ ಕಾಯಬೇಕಿತ್ತು. ಅದಕ್ಕೆ ಹೆದರಿ ಹೆಚ್ಚಿನವರು ನೇರ ಟೆಂಪಲ್‌ಗೇ ಹೋಗುತ್ತಿದ್ದರು, ತಂದೆತಾಯಿ ಹೊರಗೆ ಉಳಿದರೂ ಸರಿ ಅಂತ. 2019ರ ಮೇ ತಿಂಗಳಲ್ಲಿ ಆ ನಿಯಮ ತೆಗೆದರು. ಈಗ ಬೆಳಿಗ್ಗೆ ಹಿತ್ತಲಲ್ಲಿ ಮದುವೆಯಾಗಿ ಮಧ್ಯಾಹ್ನ ಸೀಲಿಂಗ್ ಮಾಡಿಸಿಕೊಂಡರೂ ಅಡ್ಡಿಯಿಲ್ಲ.

ಆದರೆ ನಿಯಮ ಹೋದಷ್ಟು ಬೇಗ ರೂಢಿ ಹೋಗುವುದಿಲ್ಲ. ನಮ್ಮ ಹುಡುಗಿಯ ಅಜ್ಜಿಗೆ ಟೆಂಪಲ್ ಮದುವೆಯೇ ಮದುವೆ, ಮಿಕ್ಕಿದ್ದು ಬರೀ ಕಾಗದ. ಹುಡುಗನಿಗೂ ಹೊಸ ಬಿಸಿ. ರಾಜಿಯಾಗಿ ಸಂಜೆ ಆರತಕ್ಷತೆಯಲ್ಲಿ ಉಂಗುರ ತೊಡಿಸುವ ಕಾರ್ಯಕ್ರಮ ಇಟ್ಟರು. ಅಮ್ಮ ಮಗನ ತೋಳು ಹಿಡಿದು ನಡೆದು ಬಂದರು, ಬಿಷಪ್ ನಾಲ್ಕು ಮಾತು ಹೇಳಿದ. ಸೀಲಿಂಗ್ ಆಗಿಬಿಟ್ಟಿದ್ದರೆ ಇಲ್ಲಿ ಮತ್ತೆ ಪ್ರತಿಜ್ಞೆ ಮಾಡುವ ಹಾಗಿಲ್ಲ, ಉಂಗುರ ಮಾತ್ರ. ಚೆನ್ನಾಗಿಯೇ ಇತ್ತು. ಆದರೂ ನನ್ನ ಕೇಳಿದರೆ, ಎರಡು ಧರ್ಮದ ಮನೆಗಳು ಸೇರುವಾಗ ಹೊರಗಿನ ಮದುವೆ ಮೊದಲು ಆಗಲಿ. ಆ ಬೆಂಚಿನಲ್ಲಿ ಕೂತು ಎದ್ದವರನ್ನು ನೋಡಿದ ಮೇಲೆ ನನಗೆ ಬೇರೆ ಅಭಿಪ್ರಾಯ ಸಾಧ್ಯವಿಲ್ಲ.

ಕಾನೂನು ಪ್ರಕಾರ ರಿಜಿಸ್ಟರ್?

ಯೂಟಾದಲ್ಲಿ ಕೌಂಟಿ ಕಚೇರಿಯಿಂದ ಲೈಸೆನ್ಸ್ ತೆಗೆದುಕೊಂಡರೆ 32 ದಿನದೊಳಗೆ ಮದುವೆ ಆಗಬೇಕು. ಇಲ್ಲಿ ಟೆಂಪಲ್ ಮದುವೆಗೆ ಕಾನೂನಿನ ಮಾನ್ಯತೆ ಇದೆ. ಲೈಸೆನ್ಸ್ ಮನೆಯಲ್ಲೇ ಮರೆತು ಅರ್ಧ ದಾರಿಯಿಂದ ವಾಪಸ್ ಓಡಿದ್ದು ಯಾರು ಅಂತ ಹೇಳುವುದಿಲ್ಲ. ಹಲ್ಲಿನ ಡಾಕ್ಟರು ಅಂತ ಮಾತ್ರ ಹೇಳುತ್ತೇನೆ.

ಆರತಕ್ಷತೆಗೆ ಹಸಿದು ಹೋಗಬಹುದಾ?

ಬೇಡ! ದಯವಿಟ್ಟು ಮನೆಯಲ್ಲಿ ಉಂಡು ಹೋಗಿ. ಚರ್ಚ್ ಕಟ್ಟಡದ ಒಳಗೆ ಒಂದು ದೊಡ್ಡ ಹಾಲ್ ಇರುತ್ತದೆ, ಅದೇ ಬ್ಯಾಸ್ಕೆಟ್‌ಬಾಲ್ ಅಂಗಳ, ಅದೇ ಮದುವೆ ಮಂಟಪ. ಬಾಡಿಗೆ ಇಲ್ಲ. ಬುಟ್ಟಿ ಕಾಣದ ಹಾಗೆ ಬಿಳಿ ಪರದೆ, ಸೀರಿಯಲ್ ಸೆಟ್ ಕಟ್ಟುತ್ತಾರೆ, ಎಷ್ಟು ಕಟ್ಟಿದರೂ ಕಾಣುತ್ತದೆ. ಜನ ಸಂಜೆ ಆರರಿಂದ ಎಂಟರೊಳಗೆ ಬರುತ್ತಾರೆ, ಸಾಲಿನಲ್ಲಿ ನಿಂತು ಕೈ ಕುಲುಕುತ್ತಾರೆ, ಒಂದು ಕುಕಿ ತಿನ್ನುತ್ತಾರೆ, ಹೋಗುತ್ತಾರೆ. ಹೆಂಡ ಇಲ್ಲ, ಕಾಫಿ ಇಲ್ಲ, ಬಣ್ಣಬಣ್ಣದ ಸೋಡಾ ಇದೆ. ನನ್ನ ಗಂಡ ಮದುವೆ ಊಟ ಅಂತ ಮಧ್ಯಾಹ್ನ ಊಟ ಬಿಟ್ಟಿದ್ದರು. ಐದು ಕುಕಿ ತಿಂದು, ರಾತ್ರಿ ಒಂಬತ್ತೂವರೆಗೆ ಮನೆಯಲ್ಲಿ ತಿಳಿಸಾರು ಅನ್ನ.

ನಿಜವಾದ ಊಟ ಟೆಂಪಲ್ ಆದ ಕೂಡಲೇ ಹತ್ತಿರದ ನಂಟರಿಗೆ ಮಾತ್ರ. ಅದನ್ನು ಹುಡುಗನ ಕಡೆಯವರು ಮಾಡುವುದು ಇಲ್ಲಿನ ರೂಢಿ. ಅಮ್ಮ ಒಬ್ಬರೇ, ಊರು ಹೊಸದು. ಆಗ ನೋಡಿದೆ ವಾರ್ಡ್ ಅಂದರೆ ಏನು ಅಂತ. ರಿಲೀಫ್ ಸೊಸೈಟಿ ಅಂತ ಹೆಂಗಸರ ಸಂಘ ಇದೆ, 1842ರಿಂದ. ಒಂದು ಹಾಳೆ ಕೈಯಿಂದ ಕೈಗೆ ಹೋಯಿತು, ಎರಡು ದಿನದಲ್ಲಿ ಆಲೂಗಡ್ಡೆ ಚೀಸ್ ಬೇಯಿಸಿದ್ದು, ಸಲಾಡ್, ಬನ್, ನಡುಗುವ ಹಸಿರು ಜೆಲ್ಲೋ ಎಲ್ಲಾ ಹೊಂದಿಕೆಯಾಯಿತು. ಜೆಲ್ಲೋ ಯೂಟಾ ರಾಜ್ಯದ ಅಧಿಕೃತ ತಿಂಡಿ, 2001ರಿಂದ. ಸುಮ್ನೆ ಹೇಳುತ್ತಿಲ್ಲ. ನಾನು ನಲವತ್ತು ಜನಕ್ಕೆ ಚಿತ್ರಾನ್ನ ಮಾಡಿದೆ. ಒಣಮೆಣಸಿನಕಾಯನ್ನು ಅಲಂಕಾರ ಅಂದುಕೊಂಡು ಒಬ್ಬ ಅಜ್ಜ ಅಗಿದುಬಿಟ್ಟರು. ಪಾಪ, ಕುಡಿಯಲು ಸೋಡಾ ಬಿಟ್ಟು ಬೇರೆ ಇರಲಿಲ್ಲ.

ಮುಯ್ಯಿ ಏನು ಮಾಡಬೇಕು?

ಕಾರ್ಡಿನಲ್ಲೇ ಬೇಕಾದ ಸಾಮಾನಿನ ಪಟ್ಟಿಯ ಕೊಂಡಿ ಇರುತ್ತದೆ, ಅಲ್ಲಿಂದ ಒಂದು ಕೊಂಡರೆ ಆಯಿತು. ಟವೆಲು, ಬಾಣಲೆ, ಮಿಕ್ಸರ್. ನಗದೂ ನಡೆಯುತ್ತದೆ. ವೈನ್ ಬಾಟಲಿ, ಕಾಫಿ ಮಷೀನು ಬೇಡ ಅಂತ ಹೇಳಬೇಕಾಗಿಲ್ಲ ತಾನೆ?

ಹೋದರೆ ಮತಕ್ಕೆ ಸೇರಿಸಲು ಒತ್ತಾಯ ಮಾಡುತ್ತಾರಾ?

ಕರೆಯುತ್ತಾರೆ, ಒತ್ತಾಯ ಇಲ್ಲ. ಪುಸ್ತಕ ಕೊಡುತ್ತಾರೆ. ಬೇಡ ಅಂದರೆ ಕುಕಿ ಕೊಡುತ್ತಾರೆ. ಒಂಬತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಪುಸ್ತಕ ಮೂರು ಸೇರಿವೆ, ಕುಕಿ ಲೆಕ್ಕ ಇಟ್ಟಿಲ್ಲ.

ಬೆಂಗಳೂರಿನಲ್ಲಿ ಇವರಿದ್ದಾರಾ? ಅಲ್ಲಿ ಮದುವೆ ಹೇಗೆ?

ಇದ್ದಾರೆ. ಭಾರತದ ಮೊದಲ ಟೆಂಪಲ್ ಬೆಂಗಳೂರಿಗೇ ಅಂತ ನೆಲ್ಸನ್ 2018ರ ಏಪ್ರಿಲ್‌ನಲ್ಲಿ ಘೋಷಿಸಿದರು, ಅದೇ ತಿಂಗಳು ಬೆಂಗಳೂರಿಗೆ ಬಂದೂ ಹೋದರು. 2020ರ ಡಿಸೆಂಬರಿನಲ್ಲಿ ಭೂಮಿಪೂಜೆಯಂಥ ಕಾರ್ಯಕ್ರಮ ಆಯಿತು. ಟೆಂಪಲ್ ಇಲ್ಲದ ಕಾಲದಲ್ಲಿ ನಮ್ಮ ಕಡೆಯ ಜೋಡಿಗಳು ಸೀಲಿಂಗಿಗೆ ಹಾಂಗ್‌ಕಾಂಗ್‌ನಂಥ ದೂರದ ಊರಿಗೆ ಹೋಗಬೇಕಿತ್ತು. ಪಾಸ್‌ಪೋರ್ಟು, ವೀಸಾ, ವಿಮಾನದ ಖರ್ಚು ಎಲ್ಲಾ ಸೇರಿ ಎಷ್ಟು ಮನೆಗಳಿಗೆ ಅದು ಆಗುವ ಮಾತು? ಊರಲ್ಲಿ ಮದುವೆಯಾಗಿ, ದುಡ್ಡು ಕೂಡಿಸಿ, ಮಕ್ಕಳಾದ ಮೇಲೆ ಮಕ್ಕಳನ್ನೂ ಕಟ್ಟಿಕೊಂಡು ಹೋಗುವುದು. ಆಗ ಅಪ್ಪ, ಅಮ್ಮ, ಮಕ್ಕಳು ಎಲ್ಲರನ್ನೂ ಒಟ್ಟಿಗೆ ಸೀಲ್ ಮಾಡುತ್ತಾರೆ.

ನಮ್ಮಲ್ಲಿ ಊರಿನ ಮದುವೆ ಮೊದಲು, ಟೆಂಪಲ್ ಆಮೇಲೆ. ಹಾಗಾಗಿ ಹೆತ್ತವರು ಮದುವೆಯಿಂದಲೇ ಹೊರಗೆ ಉಳಿಯುವ ಪರಿಸ್ಥಿತಿ ಬರುವುದಿಲ್ಲ.

ಮದುವೆ ಆದ ಮೇಲೆ ಏನು?

ಇಬ್ಬರೂ ಓರೆಮ್‌ನಲ್ಲಿ ಒಂದು ನೆಲಮಾಳಿಗೆ ಮನೆ ಹಿಡಿದರು. ವಿಳಾಸ ಬದಲಾದರೆ ವಾರ್ಡೂ ಬದಲು. ಎರಡನೇ ಭಾನುವಾರವೇ ಅಲ್ಲಿನ ಬಿಷಪ್ ಕರೆಸಿ ಇಬ್ಬರಿಗೂ ಒಂದು ಕೆಲಸ ಒಪ್ಪಿಸಿದ. ಇಲ್ಲಿ ಎಲ್ಲರಿಗೂ ಒಂದಲ್ಲ ಒಂದು ಜವಾಬ್ದಾರಿ ಇರುತ್ತದೆ, ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಇವರಿಗೆ ಸಿಕ್ಕಿದ್ದು ನರ್ಸರಿ: ಒಂದೂವರೆಯಿಂದ ಮೂರು ವರ್ಷದ ಮಕ್ಕಳನ್ನು ದೊಡ್ಡವರ ಪಾಠ ಮುಗಿಯುವ ತನಕ ನೋಡಿಕೊಳ್ಳುವುದು. ಹನ್ನೊಂದು ಮಕ್ಕಳು, ಅದರಲ್ಲಿ ಮೂವರು ಕಚ್ಚುತ್ತಾರಂತೆ. ಹುಡುಗ ಹಲ್ಲಿನ ಗುರುತಿನ ಫೋಟೋ ತೆಗೆದು ಎರಡೂ ಅಮ್ಮಂದಿರಿಗೆ ಕಳಿಸಿದ್ದಾನೆ. ರೀನೋದಿಂದ ತಕ್ಷಣ ಉತ್ತರ ಬಂತಂತೆ: 'ನೀನೂ ಕಚ್ಚುತ್ತಿದ್ದೆ.'